ಬಲೆಯೋಣಿಗೆ ನುಗ್ಗಿದ ಲೆಕ್ಕದ ನೀರು

ರಿಫಾತ್ ಅಶ್ಮಾವಿಯ ಹೆಸರೆತ್ತಿದರೆ ನಮ್ಮ ಕಚೇರಿಯವರು ಈಗ ಮಾತು ಬದಲಾಯಿಸುತ್ತಾರೆ. ತೀರಾ ಒತ್ತಾಯ ಮಾಡಿದರೆ, ಪಾಪ, ಬುದ್ಧಿವಂತ, ಕೊನೆಗೆ ತಲೆ ಕೆಟ್ಟುಹೋಯಿತು ಎಂದು ಹೇಳಿ ಚಹಾಕ್ಕೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಳ್ಳುತ್ತಾರೆ. ಕೆಟ್ಟಿದ್ದು ಅವನ ತಲೆಯಲ್ಲ. ಅದನ್ನು ಹೇಳುವುದಕ್ಕೇ ನಾನಿದನ್ನು ಬರೆಯುತ್ತಿರುವುದು. ನನ್ನ ಮಾತು ಖಾರ ಅನ್ನಿಸಿದರೆ ಅನ್ನಿಸಲಿ, ನನಗಿನ್ನೂ ಸಿಟ್ಟು ಇಳಿದಿಲ್ಲ.

ನಾನು ನಾದಿರಾ. ಅಲೆಕ್ಸಾಂಡ್ರಿಯಾದ ಕಡಲ ಕಚೇರಿಯಲ್ಲಿ ನೀರಿನ ಮಟ್ಟ ಅಳೆಯುವ ಕೆಲಸ ನನ್ನದು. ರಿಫಾತ್ ನನ್ನ ಎದುರು ಮೇಜಿನಲ್ಲಿ ಕೂರುತ್ತಿದ್ದ. ಮೇ ತಿಂಗಳ ಸೆಕೆಯಲ್ಲೂ ಉಣ್ಣೆಯ ಟೋಪಿ ತೆಗೆಯುತ್ತಿರಲಿಲ್ಲ, ಯಾಕೆಂದರೆ ಅದನ್ನು ಹೆಣೆದವಳು ಅವನ ಅಕ್ಕ. ಬೆಳಿಗ್ಗೆ ಗಾಡಿಯವನ ಹತ್ತಿರ ಬೇಯಿಸಿದ ಅವರೆಯ ಫೂಲ್ ಕಟ್ಟಿಸಿಕೊಂಡು ಬಂದು, ಒಂದು ಕೈಯಲ್ಲಿ ತಿನ್ನುತ್ತಾ ಇನ್ನೊಂದು ಕೈಯಲ್ಲಿ ಕೀಲಿಮಣೆ ಕುಟ್ಟುತ್ತಿದ್ದ. ಕೀಲಿಮಣೆಯ ಸಂದಿಯಲ್ಲೆಲ್ಲ ಅವರೆಕಾಳಿನ ಸಿಪ್ಪೆ. ನಾನು ಬೈದರೆ, "ಮದಾಮ್, ಯಂತ್ರಕ್ಕೂ ಹಸಿವಾಗುತ್ತಲ್ವಾ" ಅನ್ನುತ್ತಿದ್ದ. ಜಿಪುಣ, ಹಟಮಾರಿ, ಮನಸ್ಸು ಮಾತ್ರ ಬೆಣ್ಣೆ.

ಅವನ ಕೆಲಸ ಏನೆಂದು ಅವನ ಅಕ್ಕನಿಗೆ ಎಂದೂ ಸರಿಯಾಗಿ ತಿಳಿಯಲಿಲ್ಲ. "ನನ್ನ ತಮ್ಮ ಯಂತ್ರಗಳಿಗೆ ಮದುವೆ ಮಾಡಿಸ್ತಾನೆ" ಎಂದು ಓಣಿಯವರ ಹತ್ತಿರ ಹೇಳಿಕೊಳ್ಳುತ್ತಿದ್ದಳು. ಅಷ್ಟೇನೂ ತಪ್ಪಲ್ಲ. ಬಿರುಗಾಳಿ ಬಂದಾಗ ಸಮುದ್ರ ಎಲ್ಲಿಯವರೆಗೆ ಏರುತ್ತದೆ ಎಂದು ಲೆಕ್ಕ ಹಾಕುವ ಒಂದು ದೊಡ್ಡ ಪ್ರೋಗ್ರಾಂ ನಮ್ಮಲ್ಲಿದೆ, ಅದನ್ನು ಮಾದರಿ ಅನ್ನುತ್ತೇವೆ. ಅದನ್ನು ಬರೆದವರಲ್ಲಿ ಅರ್ಧ ಜನ ನಿವೃತ್ತರಾಗಿದ್ದಾರೆ, ಉಳಿದರ್ಧ ಜನ ಮಣ್ಣು ಸೇರಿದ್ದಾರೆ. ಅವರು ಬರೆದ ಸಾಲುಗಳನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವುದು ಕಂಪೈಲರ್. ಮಾದರಿಯೊಂದೇ ಇದ್ದರೆ ಸಾಲದು, ಅದರ ಕೆಳಗೆ ಕಡತ ಓದಲು ಒಂದು ಲೈಬ್ರರಿ, ಯಂತ್ರಗಳು ತಮ್ಮತಮ್ಮಲ್ಲಿ ಮಾತಾಡಲು ಒಂದು, ಗಣಿತಕ್ಕೆ ಇನ್ನೊಂದು ಬೇಕು. ಎಲ್ಲಕ್ಕೂ ಆವೃತ್ತಿಗಳು. ಹೊಸ ಕಂಪೈಲರ್ ಹಳಬರ ಬರಹವನ್ನು ನೋಡಿ ಮೂಗು ಮುರಿಯುತ್ತದೆ, ಹಳೆಯ ಕಂಪೈಲರ್ ಹೊಸ ಯಂತ್ರದ ಮೇಲೆ ಏಳುವುದೇ ಇಲ್ಲ. ಒಂದನ್ನು ಒಪ್ಪಿಸಿದರೆ ಇನ್ನೊಂದು ಮುನಿಸಿಕೊಳ್ಳುತ್ತದೆ. ಎಲ್ಲವೂ ಒಂದಕ್ಕೊಂದು ಹೊಂದುವ ಒಂದು ಸರಪಳಿಯನ್ನು ಆರಿಸಿ ಕಟ್ಟುವುದು ರಿಫಾತ್‌ನ ಕೆಲಸ. ಅವನು ಸರಿಯಾಗಿ ಮಾಡಿದರೆ ಯಾರಿಗೂ ಅವನ ನೆನಪಾಗುತ್ತಿರಲಿಲ್ಲ. ತಪ್ಪಿದರೆ ಇಡೀ ಕಚೇರಿ ಅವನ ಮೇಜಿನ ಸುತ್ತ ನಿಂತು ಬಾಯಿಗೆ ಬಂದದ್ದು ಅನ್ನುತ್ತಿತ್ತು.

ಅವನು ಸೇರಿದ ಹೊಸತರಲ್ಲಿ ಒಬ್ಬ ಮಹಾಶಯ ಯಾರನ್ನೂ ಕೇಳದೆ ಕಂಪೈಲರ್ ಬದಲಾಯಿಸಿದ್ದ. ಮಾರನೆಯ ದಿನ ಮಾದರಿ, ಬಂದರಿನೊಳಗೆ ಮಸೀದಿಯ ಮಿನಾರಿನಷ್ಟು ಎತ್ತರದ ಅಲೆ ಬರುತ್ತದೆ ಎಂದಿತು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ರಿಫಾತ್ ನಗಲಿಲ್ಲ. ಕೂತು ಒಂದು ನಿಯಮ ಬರೆದ. ಹೊಸ ಸರಪಳಿ ಯಾವುದೇ ಬರಲಿ, ಅದು ಮೊದಲು ಹಳೆಯ ಲೆಕ್ಕವನ್ನು ಮಾಡಿ ತೋರಿಸಬೇಕು. ಹಳೆಯ ಉತ್ತರವೇ ಬಂದರೆ ಮಾತ್ರ ಒಪ್ಪಿಗೆ. ಒಪ್ಪಿಗೆಯಿಲ್ಲದ ಸರಪಳಿಯ ಅಂಕಿ ಈ ಕಟ್ಟಡದ ಬಾಗಿಲು ದಾಟಬಾರದು. ನಿರ್ದೇಶಕರು ಅದಕ್ಕೆ ಮುದ್ರೆ ಒತ್ತಿದರು, ಜಗಲಿಯಲ್ಲಿ ಚೌಕಟ್ಟು ಹಾಕಿಸಿ ತೂಗುಹಾಕಿದರು. ಈ ಕಸುಬಿನವರೆಲ್ಲ ಮಾಡುವುದೇ ಇದು. ಒಳ್ಳೆಯ ನಿಯಮ ಅಂತಲೇ ನಾನೂ ಅಂದುಕೊಂಡಿದ್ದೆ.

ಇನ್ನು ಅವನ ಅಕ್ಕನ ವಿಷಯ. ಬದ್ರಿಯಾ ಅಂತ ಹೆಸರು. ಅವನು ಅಬ್ಲಾ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದ, ಆಮೇಲೆ ನಾನೂ ಹಾಗೇ ಕರೆದೆ. ತಾಯಿ ಸತ್ತಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದನಂತೆ, ಎತ್ತಿ ಆಡಿಸಿ ಬೆಳೆಸಿದವಳು ಇವಳು. ಮದುವೆಯಾಗಿ ಊರಿನ ಪಡುವಣ ತುದಿಯ ಬಲೆಯೋಣಿಗೆ ಹೋಗುವಾಗ ತಮ್ಮನನ್ನೂ ಕಂಕುಳಲ್ಲಿ ಎತ್ತಿಕೊಂಡೇ ಹೋದಳು. ಗಂಡ ತೀರಿಕೊಂಡ ಮೇಲೆ ಬಾಗಿಲಲ್ಲೇ ಒಲೆ ಹೂಡಿ ಬೂತಾಯಿ ಮೀನು ಹುರಿದು ಮಾರಿ ಅವನನ್ನು ಎಂಜಿನಿಯರಿಂಗ್ ಓದಿಸಿದಳು. ಅವನಿಗೆ ಬೇರೆ ಮನೆಯಾದ ಮೇಲೂ ಶುಕ್ರವಾರದ ಊಟ ಅಲ್ಲಿಯೇ. ನಾನೂ ಎಷ್ಟೋ ಸಲ ಹೋಗಿದ್ದೇನೆ. ಈರುಳ್ಳಿಯನ್ನು ಕಪ್ಪಾಗುವವರೆಗೆ ಹುರಿದು ಅವಳು ಮಾಡುವ ಮೀನಿನ ಅನ್ನ ಉಂಡವರಿಗೆ ಬೇರೆ ಕಡೆಯದು ರುಚಿಸುವುದಿಲ್ಲ. ಓಣಿಯ ಕೊನೆಯ ಮನೆ, ಬಾಗಿಲಲ್ಲಿ ಕೂತರೆ ಎದುರಿಗೇ ಸಮುದ್ರ. ಅದಕ್ಕೂ ಓಣಿಗೂ ನಡುವೆ, ಅಲೆ ಒಡೆಯಲೆಂದು ನೀರಿನಲ್ಲಿ ಸುರಿದ ದೊಡ್ಡ ದೊಡ್ಡ ಕಾಂಕ್ರೀಟ್ ಬ್ಲಾಕುಗಳು. ಓಣಿಯ ಗಂಡಸರು ಅದರ ಮೇಲೆ ಕೂತು ಗಾಳ ಹಾಕುತ್ತಿದ್ದರು, ಹೆಂಗಸರು ಕಂಬಳಿ ಒಣಹಾಕುತ್ತಿದ್ದರು.

ಒಂದು ವರ್ಷ ದೇಶದಲ್ಲಿ ಡಾಲರ್ ಸಿಗದೆ ನಾವು ದುಡ್ಡು ಕೊಟ್ಟು ಬಳಸುತ್ತಿದ್ದ ಕಂಪೈಲರಿನ ಪರವಾನಗಿ ಮುಗಿದುಹೋಯಿತು. ಅದರಿಂದ ಮೊದಲೇ ಕಟ್ಟಿಟ್ಟಿದ್ದ ಲೈಬ್ರರಿಗಳು ಉಳಿದಿದ್ದವು. ಹೊಸದಾಗಿ ಕಟ್ಟಬೇಕಾದ್ದನ್ನು ರಿಫಾತ್ ಪುಕ್ಕಟೆ ಸಿಗುವ ಕಂಪೈಲರಿನಿಂದ ಕಟ್ಟಿದ. ಎರಡನ್ನೂ ಸೇರಿಸಿ ನಡೆಸಿದಾಗ ಯಂತ್ರ ತಕರಾರು ಮಾಡಲಿಲ್ಲ. ಪರೀಕ್ಷೆಗಿಟ್ಟ ಹಳೆಯ ಬಂದರಿನ ಲೆಕ್ಕಕ್ಕೆ ಹಳೆಯ ಉತ್ತರವೇ ಬಂತು. ಬಂದರಿನ ಲೆಕ್ಕದಲ್ಲಿ ಬ್ಲಾಕುಗಳೇ ಇಲ್ಲ ಎನ್ನುವುದು ಯಾರಿಗೂ ಹೊಳೆಯಲಿಲ್ಲ. ನಿಯಮದ ಪ್ರಕಾರ ಒಪ್ಪಿಗೆಯಾಯಿತು.

ಅದೇ ಸರಪಳಿಯ ಮೇಲೆ, ತೀರ ಕಾಯುವ ಸಮಿತಿಯವರು ಕೇಳಿದ ಲೆಕ್ಕ ನಡೆಯಿತು. ಚಳಿಗಾಲದ ದೊಡ್ಡ ನವ್ವಾ, ಅಂದರೆ ಕಡಲ ಬಿರುಗಾಳಿ, ಬಂದರೆ ತೀರದ ಯಾವ ಯಾವ ಓಣಿಗೆ ನೀರು ನುಗ್ಗುತ್ತದೆ? ಉತ್ತರ ಬಂತು. ಬಲೆಯೋಣಿಯಲ್ಲಿ ಎದೆಮಟ್ಟ ನೀರು. ಆ ಕಾಗದ ಮೊದಲು ಬಂದದ್ದು ರಿಫಾತ್‌ನ ಕೈಗೆ. ಮುಚ್ಚಿಡಬಹುದಿತ್ತು, ಬೇರೆಯವನಾಗಿದ್ದರೆ ಇನ್ನೊಂದು ಸಲ ನೋಡೋಣ ಅನ್ನುತ್ತಿದ್ದ. ಇವನು ಅಕ್ಕ ನೀರಿನಲ್ಲಿ ಮುಳುಗುವುದನ್ನು ಕಣ್ಣಾರೆ ಕಂಡವನ ಹಾಗೆ ಓಡಿಹೋಗಿ ಅವಳಿಗೆ ಹೇಳಿದ.

ಸಮಿತಿಯವರು ಓಣಿಯನ್ನು ಕೆಡವಿ ಜನರನ್ನು ಊರಾಚೆ, ಮರುಭೂಮಿಯ ಕಡೆಯ ವಸತಿ ಕಟ್ಟಡಗಳಿಗೆ ಸಾಗಿಸುವುದೆಂದು ತೀರ್ಮಾನಿಸಿದರು. ಓಣಿಯವರು ಸಹಿ ಹಾಕುವುದಿಲ್ಲ ಎಂದು ಪಟ್ಟು ಹಿಡಿದರು. ಅಜ್ಜನ ಕಾಲದಿಂದ ಇದ್ದೇವೆ, ನೀರು ಹೊಸ್ತಿಲು ದಾಟಿದ್ದು ನೋಡಿಲ್ಲ ಎಂದು ಗಂಡಸರು ಕೂಗಾಡಿದರು. ಆಗ ಅವರ ಬಾಯಿ ಮುಚ್ಚಿಸಿದವಳು ಬದ್ರಿಯಾ. ನನ್ನ ತಮ್ಮನ ಯಂತ್ರ ಹೇಳಿದೆ, ಅವನು ನನ್ನ ಮಡಿಲಲ್ಲಿ ಬೆಳೆದವನು, ನನಗೆ ಸುಳ್ಳು ಹೇಳುತ್ತಾನಾ ಎಂದು ಮೊದಲ ಸಹಿ ಅವಳೇ ಹಾಕಿದಳು. ಆಮೇಲೆ ಬಾಗಿಲು ಬಾಗಿಲಿಗೆ ಹೋಗಿ ಒಬ್ಬೊಬ್ಬರಿಂದಲೂ ಹಾಕಿಸಿದಳು. ಪಕ್ಕದ ಮನೆಯ ಉಮ್ ಸಬ್ರಿ ಅಳುತ್ತಲೇ ಹಾಕಿದಳಂತೆ. ಬೇಸಿಗೆಯ ಕೊನೆಗೆ ಓಣಿಯ ಆಚೆ ಬದಿಯ ಮನೆಗಳು ನೆಲಕ್ಕೆ ಬಿದ್ದವು. ಬದ್ರಿಯಾಳ ಮನೆಯಿದ್ದ ಈಚೆ ಬದಿ, ಮೊದಲ ಮಳೆಗೆ ಮುಂಚೆ ಕೆಡವುವುದೆಂದು ಉಳಿಸಿದ್ದರು.

ಅದೇ ಸಮಯಕ್ಕೆ ನಮ್ಮ ಕಚೇರಿಗೆ ಹೊಸ ಯಂತ್ರ ಬಂತು. ಹಳೆಯದನ್ನು ಗುಜರಿಯವರು ಲಾರಿಗೆ ಹೇರಿಕೊಂಡು ಹೋದರು. ರಿಫಾತ್‌ಗೆ ಹಬ್ಬ. ಈ ಸಲ ಎಲ್ಲವನ್ನೂ ಒಂದೇ ಪುಕ್ಕಟೆ ಕಂಪೈಲರಿನಿಂದ, ಬುಡದಿಂದ ಕಟ್ಟುತ್ತೇನೆ, ಬೆರಕೆ ಇಲ್ಲ ಎಂದು ಕುಣಿದಾಡಿದ. ಕಟ್ಟಿದ. ನಿಯಮದ ಪ್ರಕಾರ ಹಳೆಯ ಲೆಕ್ಕಗಳನ್ನು ನಡೆಸಿದ. ಬಂದರಿನದು ಹೊಂದಿತು. ಬಲೆಯೋಣಿಯದು ಹೊಂದಲಿಲ್ಲ. ಹೊಸ ಸರಪಳಿಯಲ್ಲಿ ಓಣಿಗೆ ಒಂದು ತೊಟ್ಟು ನೀರೂ ಬರಲಿಲ್ಲ.

ತಾನು ಕಟ್ಟಿದ್ದರಲ್ಲೇ ದೋಷ ಎಂದುಕೊಂಡು ಅವನು ಆವೃತ್ತಿಗಳನ್ನು ಹಿಂದೆ ಮುಂದೆ ಮಾಡಿ ನೋಡಿದ. ಕಂಪೈಲರಿನ ಹಿಂದಿನ ಆವೃತ್ತಿ, ಅದರ ಹಿಂದಿನದು, ಅದಕ್ಕೆ ತಕ್ಕ ಲೈಬ್ರರಿ. ಯಾವುದರಲ್ಲೂ ಓಣಿ ಒಣಗಿಯೇ ಇತ್ತು. ಊಟ ಬಿಟ್ಟ. ಗಡ್ಡ ಬಿಟ್ಟ. ಒಂದು ಮಧ್ಯಾಹ್ನ ಕುರ್ಚಿ ತಿರುಗಿಸಿ ನನ್ನ ಕಡೆ ಕೂತ.

"ಮದಾಮ್, ಬಲೆಯೋಣಿ ಮುಂದೆ ಬ್ಲಾಕುಗಳಿವೆ ತಾನೇ?"

"ಏನ್ ಕೇಳ್ತಿದೀಯಾ ರಿಫಾತ್? ನಿಮ್ಮಕ್ಕನ ಬಾಗಿಲಲ್ಲಿ ನಿಂತ್ರೆ ಕಾಣೋದೇ ಅವು."

"ನಮ್ಮ ಮಾದರಿಗೆ ಕಾಣಿಸ್ಲಿಲ್ಲ."

ಅವನು ವಿವರಿಸಿದ್ದು ಇಷ್ಟು. ಬ್ಲಾಕುಗಳು ಇವೆಯೋ ಇಲ್ಲವೋ ಎಂಬ ಪ್ರಶ್ನೆಗೆ ನಾವು ಕೊಟ್ಟಿದ್ದ ಉತ್ತರ 'ಹೌದು'. ಆದರೆ ಒಂದೊಂದು ಕಂಪೈಲರ್ ಹೌದು ಎನ್ನುವುದನ್ನು ಒಂದೊಂದು ರೀತಿ ಬರೆದಿಡುತ್ತದೆ. ದುಡ್ಡಿನದು ಮೈನಸ್ ಒಂದು ಎಂದು ಇಡುತ್ತಿತ್ತು, ಪುಕ್ಕಟೆಯದು ಒಂದು ಎಂದು. ಬೆರಕೆ ಮಾಡಿದ ಆ ವರ್ಷ, ಉತ್ತರವನ್ನು ಓದಿಕೊಂಡ ಲೈಬ್ರರಿ ದುಡ್ಡಿನ ಕಂಪೈಲರಿನದು, ಅಲೆಯ ಲೆಕ್ಕ ಹಾಕಿದ ಭಾಗ ಪುಕ್ಕಟೆಯದು. ಅದು ಮೈನಸ್ ಒಂದು ಕೊಟ್ಟಿತು, ಇದು ಒಂದನ್ನು ಹುಡುಕಿತು, ಸಿಗಲಿಲ್ಲ, ಬ್ಲಾಕುಗಳಿಲ್ಲ ಎಂದುಕೊಂಡು ಮುಂದೆ ಹೋಯಿತು. ಒಂದು ಎಚ್ಚರಿಕೆಯಿಲ್ಲ, ಒಂದು ತಕರಾರಿಲ್ಲ. ಕಣ್ಣೆದುರು ಬಿದ್ದಿರುವ ಅಷ್ಟು ದೊಡ್ಡ ಕಾಂಕ್ರೀಟ್ ರಾಶಿಯನ್ನು ಅಳಿಸಿ, ಬರಿಯ ಸಮುದ್ರವನ್ನು ಓಣಿಗೆ ಬಿಟ್ಟಿತು.

ನನಗೆ ಮೈಯೆಲ್ಲ ಉರಿಯಿತು. ಇವನ ಮೇಲೂ, ಯಂತ್ರದ ಮೇಲೂ, ಡಾಲರ್ ಮೇಲೂ. ಆದರೆ ಸಂತೋಷವೂ ಆಯಿತು, ಯಾಕೆಂದರೆ ಈಚೆ ಬದಿ ಇನ್ನೂ ನಿಂತಿತ್ತು. ಬದ್ರಿಯಾಳ ಮನೆ ಉಳಿಯುತ್ತದೆ, ಅರ್ಧ ಓಣಿಯಾದರೂ ಉಳಿಯುತ್ತದೆ ಎಂದುಕೊಂಡು ನಾವಿಬ್ಬರೂ ಆಗಲೇ ನಿರ್ದೇಶಕರ ಕೋಣೆಗೆ ಹೋದೆವು.

ನಿರ್ದೇಶಕ ಡಾಕ್ಟರ್ ಇಸ್ಮತ್ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದು ಹಗುರಾಗಬಹುದಿತ್ತು. ರಿಫಾತ್ ಹೇಳಿದ್ದನ್ನೆಲ್ಲ ಕನ್ನಡಕ ತೆಗೆದಿಟ್ಟು ಕೇಳಿದರು.

"ಬಾಶ್‌ಮುಹಂದಿಸ್, ನಿಮ್ಮ ನಿಯಮ ಏನ್ ಹೇಳುತ್ತೆ?" ಎಂದರು. ಇಲ್ಲಿ ಎಂಜಿನಿಯರುಗಳನ್ನು ಹೆಸರು ಹಿಡಿದು ಕರೆಯುವುದು ಕಡಿಮೆ, ಬೈಯುವಾಗಲೂ ಬಾಶ್‌ಮುಹಂದಿಸ್ ಎಂದೇ.

"ಹೊಸ ಸರಪಳಿ ಹಳೇ ಉತ್ತರ ಕೊಡ್ಬೇಕು ಅಂತ."

"ಕೊಡ್ತಾ?"

"ಇಲ್ಲ. ಹಳೇ ಉತ್ತರಾನೇ ತಪ್ಪು, ದಕ್ತೂರ್."

"ಹಾಗಂತ ಹೇಳ್ತಿರೋದು ಯಾರು? ಪರೀಕ್ಷೇಲಿ ಫೇಲಾದ ಸರಪಳಿ."

ನಾನು ಸುಮ್ಮನಿರಲಿಲ್ಲ. ನನ್ನ ಮಾಪಕದಲ್ಲಿ ಇಷ್ಟು ವರ್ಷದಲ್ಲಿ ಅಷ್ಟು ನೀರು ಎಂದೂ ಏರಿಲ್ಲ ಎಂದೆ. ನಿಮ್ಮ ಮಾಪಕ ಇರುವುದು ಬಂದರಿನೊಳಗೆ, ಓಣಿಯ ಮುಂದಲ್ಲ ಎಂದರು. ಅದೂ ನಿಜ. ಹಳೆಯ ಯಂತ್ರವಿದ್ದಿದ್ದರೆ ಅದರ ಮೇಲೆಯೇ ತಪ್ಪನ್ನು ತೋರಿಸಬಹುದಿತ್ತು, ಅದು ಗುಜರಿಯಲ್ಲಿ ತುಂಡುತುಂಡಾಗಿತ್ತು. ಕೊನೆಗೆ ಅವರೇ ಒಂದು ದಾರಿ ತೋರಿಸಿದರು. ಬೆರಕೆಯಿಂದಲೇ ಆ ನೀರು ಬಂದದ್ದು ಅನ್ನುತ್ತೀರಲ್ಲ, ಹೊಸ ಯಂತ್ರದ ಮೇಲೆ ಅದೇ ಬೆರಕೆ ಮಾಡಿ ಆ ನೀರನ್ನು ಬರಿಸಿ ತೋರಿಸಿ. ಆಗ ನಂಬುತ್ತೇನೆ ಎಂದರು.

ರಿಫಾತ್ ಹುಚ್ಚು ಹಿಡಿದವನಂತೆ ಕೆಲಸಕ್ಕೆ ಬಿದ್ದ. ಸರಿಯಾದ ಸರಪಳಿ ಕಟ್ಟುವುದಕ್ಕಿಂತ ಕೆಟ್ಟ ಸರಪಳಿಯನ್ನು ಸರಿಯಾಗಿ ಕಟ್ಟುವುದು ಕಷ್ಟವಂತೆ. ದುಡ್ಡಿನ ಕಂಪೈಲರಿನ ಆ ಆವೃತ್ತಿ ಹೊಸ ಯಂತ್ರದ ಮೇಲೆ ಏಳಲಿಲ್ಲ. ಅದರಿಂದ ಕಟ್ಟಿದ್ದ ಹಳೆಯ ಲೈಬ್ರರಿಯ ಒಂದು ಪ್ರತಿ ಯಾವುದೋ ವಿದ್ಯಾರ್ಥಿಯ ಹತ್ತಿರ ಸಿಕ್ಕಿತು. ಅದಕ್ಕೆ ಹೊಂದುವ ಪುಕ್ಕಟೆ ಕಂಪೈಲರಿನ ಆವೃತ್ತಿಯನ್ನು ಹುಡುಕಿ ಹುಡುಕಿ, ಕೊನೆಗೊಂದು ದಿನ ಎರಡನ್ನೂ ಸೇರಿಸಿ ನಡೆಸಿದ. ಬಲೆಯೋಣಿಯಲ್ಲಿ ಎದೆಮಟ್ಟ ನೀರು ಬಂತು. ಹಳೆಯ ಅಂಕಿಯೇ, ಕೊನೆಯ ಸ್ಥಾನದವರೆಗೆ. ಅವನು ಎದ್ದು ನಿಂತು ಚಪ್ಪಾಳೆ ತಟ್ಟಿದ. ಅಷ್ಟು ದಿನದಲ್ಲಿ ಅವನು ನಕ್ಕಿದ್ದು ಅಂದು ಮಾತ್ರ. ಓಡಿಹೋಗಿ ಕಾಗದವನ್ನು ನಿರ್ದೇಶಕರ ಮುಂದೆ ಹಿಡಿದ.

ಡಾಕ್ಟರ್ ಇಸ್ಮತ್ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡಿದರು.

"ಹೊಂದುತ್ತೆ" ಎಂದರು.

"ಹೌದು ದಕ್ತೂರ್. ಬೆರಕೆ ಮಾಡಿದ್ರೆ ಮಾತ್ರ ಹೊಂದೋದು. ನಾನ್ ಹೇಳಿದ್ದೇ ಅದು."

"ಹೊಂದುತ್ತೆ ಅಂದ್ರೆ ಈ ಸರಪಳಿ ಪಾಸು. ಹೊಸ ಯಂತ್ರಕ್ಕೆ ಇದನ್ನೇ ಇಟ್ಕೊಳ್ಳೋಣ. ಅದು ಹೊಂದಲ್ಲ, ಇದು ಹೊಂದುತ್ತೆ. ನಿಮ್ಮ ನಿಯಮಾನೇ."

ರಿಫಾತ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಅವನು ನನ್ನ ಮುಖ ನೋಡಿದ, ನಾನು ಏನಾದರೂ ಮಾಡಬಲ್ಲೆ ಎನ್ನುವ ಹಾಗೆ. ನಾನು ದನಿಯೇರಿಸಿದೆ. ನಿರ್ದೇಶಕರು ಬಾಗಿಲು ಹಾಕಿ ಬರಲು ಹೇಳಿದರು. ಅವರಿಗೆ ಎಲ್ಲವೂ ಅರ್ಥವಾಗಿತ್ತು, ಮುಖದಲ್ಲೇ ಕಾಣುತ್ತಿತ್ತು.

"ಮದಾಮ್ ನಾದಿರಾ," ಎಂದರು, "ಅರ್ಧ ಓಣಿ ಆಗ್ಲೇ ಬಿದ್ದಿದೆ. ಉಳಿದ ಅರ್ಧಕ್ಕೆ ನಿಮ್ಮ ಮನೆ ನಿಮ್ಗೇ ಅಂತ ಹೇಳ್ತೀನಿ. ಬಿದ್ದಿರೋ ಅರ್ಧಕ್ಕೆ ಏನ್ ಹೇಳ್ಲಿ? ನೀವೇ ಹೇಳ್ಕೊಡಿ, ನಾನ್ ಹೋಗಿ ಹೇಳ್ತೀನಿ."

ಬಿದ್ದವರಿಗೆ ಹೇಳಲು ಉತ್ತರ ಗೊತ್ತಿಲ್ಲ ಎಂದು ಉಳಿದವರ ಮನೆಯನ್ನೂ ಕೆಡವುವುದು ಯಾವ ನ್ಯಾಯ ಎಂದು ಕೇಳಿದೆ. ಅವರು ಕನ್ನಡಕ ಹಾಕಿಕೊಂಡು ಬೇರೆ ಕಡತ ತೆರೆದರು.

ರಿಫಾತ್ ಅಷ್ಟಕ್ಕೆ ಬಿಡಲಿಲ್ಲ. ತಾನೇ ಸಮಿತಿಯ ಕಚೇರಿಗೆ ಹೋದ. ಅಲ್ಲಿ ಬೆಂಚಿನ ಮೇಲೆ ದಿನಗಟ್ಟಲೆ ಕೂತ ಮೇಲೆ ಒಬ್ಬ ಅಧಿಕಾರಿ ಒಳಗೆ ಕರೆದನಂತೆ. ತುಂಬ ಮರ್ಯಾದೆಯಿಂದ ಕೂರಿಸಿ, ಕಾಫಿ ತರಿಸಿ, ನಿಮ್ಮ ಕಚೇರಿಯಿಂದಲೇ ಪತ್ರ ಬಂದಿದೆಯಲ್ಲ ಬಾಶ್‌ಮುಹಂದಿಸ್, ಹೊಸ ಯಂತ್ರದ ಮೇಲೂ ಅದೇ ಉತ್ತರ ಬಂದಿದೆ ಎಂದು ದೃಢಪಡಿಸಿದ್ದಾರೆ, ಲೆಕ್ಕ ಮಾಡಿದವರ ಹೆಸರು ನಿಮ್ಮದೇ ಇದೆ ಎಂದು ತೋರಿಸಿದನಂತೆ. ಅನುಮಾನವಿದ್ದ ಒಂದಿಬ್ಬರು ಸದಸ್ಯರೂ ಆ ಪತ್ರ ನೋಡಿ ಒಪ್ಪಿಕೊಂಡರಂತೆ. ತಪ್ಪನ್ನು ತೋರಿಸಲೆಂದು ಇವನು ನಿದ್ದೆಗೆಟ್ಟು ಕಟ್ಟಿದ್ದನ್ನೇ ಅವರು ಸಾಕ್ಷಿ ಮಾಡಿಕೊಂಡಿದ್ದರು. ಅಲ್ಲಿಂದ ಬಂದವನು ನನ್ನ ಮೇಜಿನ ಅಂಚು ಹಿಡಿದುಕೊಂಡು ನಿಂತ. "ಅಬ್ಲಾಗೆ ಹೇಳ್ಬೇಕು. ಒಬ್ಬನೇ ಹೋಗಕ್ಕಾಗಲ್ಲ ಮದಾಮ್" ಎಂದ.

ನಾವು ಹೋದಾಗ ಬದ್ರಿಯಾ ಬಾಗಿಲಲ್ಲಿ ಮೀನಿಗೆ ಹಿಟ್ಟು ಹಚ್ಚುತ್ತಿದ್ದಳು. ಓಣಿಯ ಆಚೆ ಬದಿಯಲ್ಲಿ ಇಟ್ಟಿಗೆಯ ಗುಡ್ಡೆಗಳು. ಯಾರದೋ ಗೋಡೆಯ ನೀಲಿ ಬಣ್ಣ ಹಾಗೇ ಕಾಣುತ್ತಿತ್ತು. ನನ್ನನ್ನು ಕಂಡು, ಊಟ ಮಾಡಿಕೊಂಡೇ ಹೋಗಬೇಕು ಎಂದು ಅಪ್ಪಣೆ ಮಾಡಿದಳು.

"ಅಬ್ಲಾ, ನೀರು ಬರಲ್ಲ" ಎಂದ ರಿಫಾತ್.

"ಯಾವ ನೀರು?"

"ಬರುತ್ತೆ ಅಂದಿದ್ನಲ್ಲ, ಆ ನೀರು. ನಮ್ಮ ಲೆಕ್ಕ ತಪ್ಪಿತ್ತು."

ಅವಳು ಕೈಯಲ್ಲಿದ್ದ ಮೀನನ್ನು ಎಣ್ಣೆಗೆ ಬಿಟ್ಟಳು. ಇನ್ನೊಂದನ್ನು ಎತ್ತಿಕೊಂಡಳು.

"ಹಾಗಾದ್ರೆ ಕೆಡವಲ್ವಾ?"

"ಕೆಡವ್ತಾರೆ. ನಾನು ಹೇಳ್ದೆ. ಕೇಳ್ಲಿಲ್ಲ."

"ಎಲ್ರ ಮನೆಗೂ ಹೋಗಿ ನಾನೇ ಸಹಿ ಹಾಕ್ಸಿದೀನಿ ರಿಫಾತ್."

"ಗೊತ್ತು ಅಬ್ಲಾ."

"ಇವ್ರಿಗೆಲ್ಲ ಹೇಳ್ಬೇಡ. ಯಂತ್ರ ತಪ್ಪು ಮಾಡ್ತು ಅಂದ್ರೆ ಇವ್ರಿಗೇನ್ ತಿಳಿಯುತ್ತೆ? ನೀನ್ ಮಾಡ್ದೆ ಅಂತಾರೆ. ನನ್ನ ಅಂದ್ರೆ ಅನ್ಲಿ."

ಅವನು ಅವಳ ಮಾತು ಕೇಳಲಿಲ್ಲ. ಮುಂದಿನ ಶುಕ್ರವಾರ ನಮಾಜು ಮುಗಿಸಿ ಬಂದ ಗಂಡಸರನ್ನು ನಿಲ್ಲಿಸಿ ಎಲ್ಲ ಹೇಳಿದ. ಅವನಿಗೆ ಕಡೆಯ ಆಸೆ ಇದ್ದದ್ದು ಅಲ್ಲೇ. ಇವರೆಲ್ಲ ಒಟ್ಟಾಗಿ ನಿಂತರೆ ಬುಲ್ಡೋಜರ್ ತಿರುಗಿ ಹೋಗಬಹುದು ಎಂದುಕೊಂಡಿದ್ದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕೆಲವರಿಗೆ ಆಗಲೇ ಹೊಸ ಮನೆಯ ಕೀಲಿ ಸಿಕ್ಕಿತ್ತು, ಇದು ಕೀಲಿ ವಾಪಸು ಪಡೆಯುವ ಹುನ್ನಾರ ಎಂದರು. ಉಮ್ ಸಬ್ರಿಯ ಮಗ ಸಬ್ರಿ ಮಾತ್ರ ಮುಂದೆ ಬಂದು, ಅವತ್ತು ನೀರು ಬರುತ್ತೆ ಅಂದವನು ನೀನು, ಇವತ್ತು ಬರಲ್ಲ ಅನ್ನುವವನೂ ನೀನು, ನಾಳೆ ಏನನ್ನುತ್ತೀಯ ಎಂದು ಕೇಳಿದ. ಗುಂಪು ಚದುರಿತು. ರಿಫಾತ್ ಬ್ಲಾಕುಗಳ ಕಡೆ ಬೆಟ್ಟು ಮಾಡಿಕೊಂಡು ಒಬ್ಬನೇ ಮಾತಾಡುತ್ತಾ ನಿಂತಿದ್ದ. ತಲೆ ಕೆಟ್ಟಿದೆ ಎನ್ನುವ ಮಾತು ಹುಟ್ಟಿದ್ದು ಅಂದೇ.

ಮಳೆಗೆ ಮುಂಚೆ ಈಚೆ ಬದಿಯೂ ಬಿತ್ತು. ಬದ್ರಿಯಾಳಿಗೆ ಊರಾಚೆಯ ಕಟ್ಟಡದಲ್ಲಿ ಮೇಲಂತಸ್ತಿನ ಮನೆ ಕೊಟ್ಟರು. ಕಿಟಕಿ ತೆರೆದರೆ ಇನ್ನೊಂದು ಕಟ್ಟಡದ ಕಿಟಕಿ. ಒಲೆ ಹೂಡಲು ಬಾಗಿಲೇ ಇಲ್ಲ, ಹೂಡಿದರೂ ಅಲ್ಲಿಯವರೆಗೆ ತಾಜಾ ಮೀನು ಯಾರು ತರುತ್ತಾರೆ? ಓಣಿಯವರು ಬೇರೆ ಬೇರೆ ಕಟ್ಟಡಗಳಿಗೆ ಚೆಲ್ಲಾಪಿಲ್ಲಿಯಾದರು. ಮೆಟ್ಟಿಲಲ್ಲಿ ಎದುರಾದ ಉಮ್ ಸಬ್ರಿ ಅವಳಿಗೆ ಸಲಾಂ ಕೂಡ ಹೇಳದೆ ಇಳಿದುಹೋದಳಂತೆ. ಅದನ್ನು ಹೇಳುವಾಗ ಮಾತ್ರ ಬದ್ರಿಯಾ ಅತ್ತಳು, ಮನೆ ಬಿದ್ದಾಗಲೂ ಅವಳು ಅತ್ತಿರಲಿಲ್ಲ. ರಿಫಾತ್ ಕಚೇರಿಗೆ ಬರುತ್ತಿದ್ದ. ಒಪ್ಪಿಗೆಯಾದ ಸರಪಳಿ ಅವನ ಮುಂದೆಯೇ ಲೆಕ್ಕ ಹಾಕುತ್ತಿತ್ತು, ಬ್ಲಾಕುಗಳಿಲ್ಲದ ಸಮುದ್ರವನ್ನು ಒಂದೊಂದೇ ಓಣಿಗೆ ಬಿಡುತ್ತಿತ್ತು. ಅವನು ಅದನ್ನು ನೋಡುತ್ತಾ ಕೂತಿರುತ್ತಿದ್ದ. ಅವರೆಕಾಳು ತರುವುದನ್ನೂ ಬಿಟ್ಟ. ನನಗೆ ಆ ಸ್ವಚ್ಛ ಕೀಲಿಮಣೆ ನೋಡಿದರೆ ಸಂಕಟವಾಗುತ್ತಿತ್ತು.

ಮಕ್ನಸಾ ಎಂಬ ಮೊದಲ ನವ್ವಾ ಬೀದಿಗಳನ್ನು ಗುಡಿಸಿಕೊಂಡು ಹೋಯಿತು. ಅದರ ಹಿಂದೆ ಡಿಸೆಂಬರಿನಲ್ಲಿ ಕಾಸಿಮ್ ಎಂಬ ನವ್ವಾ ಬಂತು. ಆ ವರ್ಷದ ಕಾಸಿಮ್ ಸಾಮಾನ್ಯದ್ದಲ್ಲ. ಬಂದರು ಮುಚ್ಚಿದರು, ಟ್ರಾಂ ನಿಂತವು, ನನ್ನ ಮಾಪಕದಲ್ಲಿ ನಾನೆಂದೂ ಕಾಣದ ಏರಿಕೆ ಕಂಡಿತು. ನಮ್ಮ ಮಾದರಿ ಎಂಥ ಗಾಳಿಗೆ ಲೆಕ್ಕ ಹಾಕಿತ್ತೋ ಅಂಥದೇ ಗಾಳಿ. ಬೆಳಿಗ್ಗೆ ಬದ್ರಿಯಾ ಫೋನು ಮಾಡಿ, ನನ್ನನ್ನು ಓಣಿಗೆ ಕರೆದುಕೊಂಡು ಹೋಗು, ತಮ್ಮ ಬೇಡ ಅನ್ನುತ್ತಿದ್ದಾನೆ ಎಂದಳು. ಇಂಥ ಗಾಳಿಯಲ್ಲಿ ಯಾಕೆ ಎಂದರೆ ಕೇಳಲಿಲ್ಲ. ಕೊನೆಗೆ ರಿಫಾತ್ ಕೂಡ ಬಂದ. ನನ್ನ ಹಳೆಯ ಕಾರಿನಲ್ಲಿ ಮೂವರೂ ಹೋದೆವು.

ಓಣಿಯಿದ್ದ ಜಾಗವನ್ನು ಸಮ ಮಾಡಿದ್ದರು. ಆದರೂ ಅವಳಿಗೆ ತನ್ನ ಮನೆ ಸಿಕ್ಕಿತು. ಅಡುಗೆಕೋಣೆಯ ಹೆಂಚಿನ ನೆಲ ಒಂದಿಷ್ಟು ಉಳಿದಿತ್ತು, ಅವಳು ಹೋಗಿ ಅದರ ಮೇಲೆ ನಿಂತಳು. ಗಾಳಿಗೆ ನಿಲ್ಲಲಾಗದೆ ನನ್ನ ತೋಳು ಹಿಡಿದುಕೊಂಡಳು. ಎದುರಿಗೆ ಸಮುದ್ರ ಎದ್ದು ಎದ್ದು ಬರುತ್ತಿತ್ತು. ಪ್ರತಿ ಅಲೆಗೂ ಅವಳ ತುಟಿ ಅಲುಗುತ್ತಿತ್ತು. ಪ್ರಾರ್ಥನೆ ಹೇಳುತ್ತಿದ್ದಾಳೆ ಎಂದುಕೊಂಡು ಕಿವಿ ಹತ್ತಿರ ತಂದೆ.

"ಬಾ," ಅನ್ನುತ್ತಿದ್ದಳು ಸಮುದ್ರಕ್ಕೆ. "ಬಾ ತಾಯಿ. ಒಂದ್ಸಲ ಬಂದು ಹೋಗು. ಅವನು ಹೇಳಿದ್ದು ನಿಜ ಮಾಡು. ಒಂದೇ ಒಂದ್ಸಲ ಬಾ."

ಮನೆ ಉಳಿಯಲಿ ಎಂದು ಕೇಳಿಕೊಳ್ಳುವ ಕಾಲ ಮುಗಿದಿತ್ತು. ಈಗ ಅವಳು, ಬಿದ್ದ ಮನೆಯ ನೆಲದ ಮೇಲೆ ನಿಂತು, ಇದು ಮುಳುಗಲಿ ಎಂದು ಕೇಳಿಕೊಳ್ಳುತ್ತಿದ್ದಳು. ಮುಳುಗಿದರೆ ತಮ್ಮ ಗೆಲ್ಲುತ್ತಾನೆ, ಉಮ್ ಸಬ್ರಿ ಸಲಾಂ ಹೇಳುತ್ತಾಳೆ, ಹೋದದ್ದಕ್ಕೊಂದು ಅರ್ಥವಿರುತ್ತದೆ. ರಿಫಾತ್ ನಮ್ಮಿಂದ ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕುಕ್ಕರಿಸಿ ಕೂತಿದ್ದ. ಅವನಿಗೂ ಕೇಳಿಸಿತು. ಅಂಗೈಯನ್ನು ಹೆಂಚಿನ ಮೇಲೆ ಒತ್ತಿ ನೋಡಿದ, ಇನ್ನೊಂದು ಕಡೆ ಒತ್ತಿ ನೋಡಿದ. "ಒಣಗಿದೆ ಅಬ್ಲಾ" ಎಂದ.

ಅವಳು ಕೇಳಿಸಿಕೊಳ್ಳದವಳಂತೆ ಕರೆಯುತ್ತಲೇ ಇದ್ದಳು. ಸಂಜೆಯವರೆಗೂ ಅಲ್ಲೇ ನಿಂತಿದ್ದೆವು. ಅಲೆಗಳೆಲ್ಲ ಬ್ಲಾಕುಗಳವರೆಗೆ ಬಂದು, ಅಲ್ಲೇ ಒಡೆದು, ಹಿಂದಕ್ಕೆ ಹೋಗುತ್ತಿದ್ದವು.